ಕಣ್ಣು ಬರೆಯುವ ಕೆಲಸ

ಸತ್ತವರ ಮನೆಯ ಮಾತನ್ನು ಹೊರಗೆ ಆಡುವುದು ಸರಿಯೋ ತಪ್ಪೋ, ಬರೆಯುವ ಈ ಕೈಗೆ ಇನ್ನೂ ಗೊತ್ತಾಗಿಲ್ಲ. ಹೆಚ್ಚುಕಡಿಮೆಯಾದರೆ ಮನ್ನಿಸಬೇಕು.

ಬಂದವರು ಕೂರಲು ಜಾಗವಾಗಲೆಂದು ಚಿಕ್ಕಿ ತನ್ನ ಅಕ್ಕನ ಕೆಲಸದ ಮೇಜನ್ನು ಗೋಡೆಗೆ ತಳ್ಳುತ್ತಿದ್ದಳು. ಮೇಜಿನ ತುಂಬ ಪಿಂಗಾಣಿ ಬಟ್ಟಲು, ಒಂದೊಂದರ ಮೇಲೂ ಒಂದು ನೀಲಿ ಹಕ್ಕಿ. ಯಾವುದಕ್ಕೂ ಕಣ್ಣಿಲ್ಲ. ಅಷ್ಟೂ ಹಕ್ಕಿಗಳಿಗೆ ಕೊನೆಯಲ್ಲಿ, ಒಂದೇ ಪಟ್ಟಿಗೆ ಕೂತು ಕಣ್ಣು ಬರೆಯುವುದು ಅಕ್ಕನ ಪದ್ಧತಿ. ಈ ಸಲ ಅಷ್ಟರೊಳಗೆ ಅವಳ ಎದೆಯೇ ನಿಂತುಬಿಟ್ಟಿತು.

ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ಉಗುರಿನ ಸಂದಿಯ ನೀಲಿ ಎಷ್ಟು ತೊಳೆದರೂ ಹೋಗಿರಲಿಲ್ಲ.

"ಒಂಚೂರು ಮಲಗೇ ಅಂದ್ರೆ, ಮಾರಾಟದ ಸೀಸನ್ ಮುಗೀಲಿ, ಆಮೇಲೆ ಒಂದು ತಿಂಗಳು ನನ್ನ ಎಬ್ಬಿಸ್ಲೇಬೇಡಿ ಅನ್ನೋಳು," ಎಂದು ಭಾವ ಮೂಗೊರೆಸಿಕೊಂಡ.

"ಅವರ ಕೈಯಂಥ ಕೈ ಇನ್ನು ಹುಟ್ಟಲ್ಲ ಬಿಡಿ," ಎಂದಳು ಬಟ್ಟಲು ಮಾರುವ ಅಂಗಡಿಯಾಕೆ.

ಚಿಕ್ಕಿ ಮೇಜನ್ನು ಇನ್ನಷ್ಟು ಜೋರಾಗಿ ತಳ್ಳಿದಳು. ಸತ್ತ ಮೇಲೂ ಹೊಗಳಿಕೆಯೆಲ್ಲ ಅವಳಿಗೇ! ಅಕ್ಕತಂಗಿಯರಿಬ್ಬರೂ ಒಂದೇ ಸಂಜೆ ತರಗತಿಯಲ್ಲಿ ಕುಂಚ ಹಿಡಿದವರು. ಚಿಕ್ಕವಳ ಕೈಯೇ ಚೆಂದ ಎಂದಿದ್ದರು ಮೇಷ್ಟ್ರು. ಆದರೆ ನೌಕರಿ ಬಿಟ್ಟು ಕುಂಚವನ್ನು ನಂಬಿದವಳು ದೊಡ್ಡವಳು. ಚಿಕ್ಕವಳು ಶಾಲೆಯ ಆಫೀಸಿನಲ್ಲಿ ಹಾಜರಿ ಪುಸ್ತಕಕ್ಕೆ ಗೆರೆ ಹಾಕುತ್ತ ಉಳಿದಳು.

"ಅದರಲ್ಲೂ ಐದು ವರ್ಷದ ಹಿಂದಿನ ಹಕ್ಕಿಗಳು!" ಅಂಗಡಿಯಾಕೆಯ ಮಾತು ನಿಂತಿರಲಿಲ್ಲ. "ಕಪಾಟಿನಿಂದ ನಮ್ಮನ್ನೇ ನೋಡ್ತಿದ್ವು."

*

ಆ ವರ್ಷ ಸೀಸನ್ನಿನ ಸುಸ್ತಿಗೆ ಅಕ್ಕನ ಕೈ ನಡುಗುತ್ತಿತ್ತು. "ಚಿಕ್ಕೀ, ಎರಡು ದಿನ ರಜ ಹಾಕೇ. ನಾನಿಡೋ ಹಾಗೇ ಕಣ್ಣಿಗೊಂದು ಗುಂಡು ಚುಕ್ಕೆ ಇಟ್ರೆ ಸಾಕು."

ಚಿಕ್ಕಿ ಬರೀ ಚುಕ್ಕೆ ಇಡಲಿಲ್ಲ. ಪ್ರತಿ ಕಣ್ಣಿನೊಳಗೂ ಕೂದಲೆಳೆಯಷ್ಟು ಬಿಳಿ ಉಳಿಸಿದಳು. ಅಕ್ಕ ಒಂದು ಬಟ್ಟಲನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. "ಇದೇನೇ ಮೆಳ್ಳಗಣ್ಣು?" ಎಂದು ನಕ್ಕಳು.

ಮುಂದಿನ ಸೀಸನ್ನಿಗೆ ಕರೆಯಲಿಲ್ಲ. ಮತ್ತೆಂದೂ ಕರೆಯಲಿಲ್ಲ. ತನ್ನ ಕೈ ಕೆಟ್ಟಿತೆಂದುಕೊಂಡು ಚಿಕ್ಕಿ ಮನೆಯಲ್ಲಿದ್ದ ಕುಂಚಗಳನ್ನೂ ಎಸೆದಳು.

*

"ಆ ಕಣ್ಣುಗಳು ನಾನು ಬರೆದಿದ್ದು," ಎಂದಳು ಚಿಕ್ಕಿ. ದನಿ ಸ್ವಲ್ಪ ಜೋರಾಗಿಯೇ ಬಂತು.

ಅಂಗಡಿಯಾಕೆ ಅವಳ ಬೆನ್ನು ಸವರಿದಳು. "ಅಳಮ್ಮ, ಅತ್ತುಬಿಡು. ಒಡಹುಟ್ಟಿದವರ ಸಂಕಟ ಹೀಗೇ, ಏನೇನೋ ಆಡಿಸುತ್ತೆ."

ಭಾವ ಮಾತ್ರ ಅವಳನ್ನೇ ನೋಡಿದ. ಎದ್ದು ಬಂದು ಮೇಜಿನ ಕೆಳಗಿನ ಪೆಟ್ಟಿಗೆ ಎಳೆದ. ಒಳಗೆಲ್ಲ ಒಡಕು ತಟ್ಟೆಗಳು. ತಟ್ಟೆಗಳ ತುಂಬ ಕಣ್ಣು, ಬರೀ ಕಣ್ಣು. ಕೆಲವುಗಳಲ್ಲಿ ಬಿಳಿ ಹೆಚ್ಚಾಗಿತ್ತು, ಕೆಲವುಗಳಲ್ಲಿ ಮುಚ್ಚಿಹೋಗಿತ್ತು. ಒಂದೂ ನೋಡುತ್ತಿರಲಿಲ್ಲ.

"ಸೀಸನ್ ಮುಗಿದ ಮೇಲೆ ಮಲಗ್ತೀನಿ ಅಂದೋಳು ವರ್ಷಾ ವರ್ಷಾ ಇದನ್ನ ಹಿಡ್ಕೊಂಡು ಕೂರ್ತಿದ್ಲು. ಯಾರ ಮೇಲಿನ ಹಟಾನೇ ಇದು ಅಂದ್ರೆ, ಬಾಯಿ ಬಿಡ್ತಿರ್ಲಿಲ್ಲ," ಎಂದ.

ಹೊರಗೆ ಗಾಡಿ ಬಂದು ನಿಂತಿತು. ಎಲ್ಲರೂ ಎದ್ದರು. ಒಬ್ಬಳೇ ಉಳಿದ ಚಿಕ್ಕಿ ಅಕ್ಕನ ಕುಂಚವನ್ನು ನೀಲಿಯಲ್ಲಿ ಅದ್ದಿ, ಒಂದು ಬಟ್ಟಲನ್ನು ಎತ್ತಿಕೊಂಡಳು. ನೋಡಲಿ, ಇಡೀ ಊರೇ ನೋಡಲಿ. ಬಿಳಿ ಉಳಿಸಲೆಂದೇ ಹೊರಟಳು. ಐದು ವರ್ಷ ಕುಂಚ ಮುಟ್ಟದ ಕೈ ನಡುಗಿತು. ಬಿದ್ದದ್ದು ಒಂದು ಗುಂಡು ಚುಕ್ಕೆ, ಥೇಟ್ ಅಕ್ಕನದು.

"ಚಿಕ್ಕೀ, ಬಾರಮ್ಮ," ಭಾವ ಕರೆದ.

ಗಾಡಿಯ ಬಾಗಿಲು ಹಿಡಿದಾಗ ಅವಳ ಉಗುರಿನ ಸಂದಿಯಲ್ಲೂ ನೀಲಿ ಇತ್ತು. ಆ ಚುಕ್ಕೆಯನ್ನು ಒರೆಸಿ ಬಂದಳೋ, ಹಾಗೇ ಬಿಟ್ಟು ಬಂದಳೋ, ತಿಳಿಯದು.