ಬಿಟ್ಟವರು ಕೂಡುವ ಮನೆ

ಮೆಣಸಗಿಯ ಸೂಲಗಿತ್ತಿ ಹೊಳೆವ್ವ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಳು. ಅಂದು ಎತ್ತಿಗೆ ನೊಗವಿಲ್ಲ, ಚಕ್ಕಡಿ ಸಿಗುವುದಿಲ್ಲ. ರೋಣದವರೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ ಗಜೇಂದ್ರಗಡದಲ್ಲಿ ಇಳಿದಳು. ಎಲ್ಲಿಗೆ ಹೋಗುತ್ತೇನೆಂದು ಏಳು ತಿಂಗಳ ಬಸುರಿ ಮಗಳು ರೇಣವ್ವನಿಗೆ ಹೇಳಿರಲಿಲ್ಲ.

ಹೊಳೆವ್ವ ಕುಡಿಯುತ್ತಿದ್ದಳು. ಹೆತ್ತವಳಿಗೆ ಥಂಡಿ ಹತ್ತಬಾರದೆಂದು ಒಂದು ಗುಟುಕು ಸೆರೆ, ಉಳಿದದ್ದು ಸೂಲಗಿತ್ತಿಗೆ. ಅವಳಿಗೆ ಅದು ಶುರುವಾದದ್ದು ಹಾಗೆ. ಗಂಡ ತೀರಿಕೊಂಡ ಮೇಲೆ ಆ ಗುಟುಕು ಹೆರಿಗೆಗಾಗಿ ಕಾಯುವುದನ್ನು ಬಿಟ್ಟಿತು. ಸರಕಾರ ದಾರೂಬಂದಿ ಮಾಡಿದರೂ ಅವಳ ಗಂಟಲಿಗೆ ಅದು ತಿಳಿಯಲಿಲ್ಲ. ಗಂಡಸಿನ ಕುಡಿತವನ್ನು ಕಟ್ಟೆಯ ಮೇಲೆ ಆಡಿಕೊಳ್ಳುವ ಊರು ಹೆಂಗಸಿನದನ್ನು ಪಿಸುಮಾತಿನಲ್ಲೇ ಇಟ್ಟಿತ್ತು.

ಹೋದ ತಿಂಗಳು ನೆರೆಮನೆಯ ಕೂಸಿನ ಹೊಕ್ಕಳಬಳ್ಳಿಗೆ ದಾರ ಕಟ್ಟುವಾಗ ಅವಳ ಬೆರಳು ನಡುಗಿ ಗಂಟು ಜಾರಿತು. ಪಕ್ಕದ ಮುದುಕಿ ಕೈ ಹಾಕದಿದ್ದರೆ ಕೂಸು ಉಳಿಯುತ್ತಿರಲಿಲ್ಲ. ಬಿಸಿನೀರು ಕೊಡಲು ಬಾಗಿಲಿಗೆ ಬಂದಿದ್ದ ರೇಣವ್ವ ಅದನ್ನು ನೋಡಿದಳು. ಮನೆಗೆ ಬಂದ ಮೇಲೆ ಒಂದೇ ಮಾತು ಆಡಿದಳು. "ಯವ್ವಾ, ನಾ ಹಡಿಯುವಾಗ ಕೆಳಗಿನ ಓಣಿ ಸೂಲಗಿತ್ತಿ ಗಾಳೆವ್ವನ ಕರಸ್ತೀನಿ. ನೀ ಮುಟ್ಟಬ್ಯಾಡ."

ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈಗೆ ತನ್ನ ಮೊಮ್ಮಗುವೇ ಇಲ್ಲ!

ಸೀರೆ ಮಾರುವ ಕಾಶೀಂಸಾಬ ಒಮ್ಮೆ ಯಾರದೋ ಕಟ್ಟೆಯ ಮೇಲೆ ಹೇಳುತ್ತಿದ್ದ: ಗಜೇಂದ್ರಗಡದಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತವೆ, ಖಾಲಿ ದಿನ ಕೈ ಎಲ್ಲೆಲ್ಲೋ ಹೋಗುತ್ತದೆಂದು ಕುಡಿತ ಬಿಟ್ಟವರೆಲ್ಲ ಒಂದು ಮನೆಯಲ್ಲಿ ಕೂಡುತ್ತಾರೆ. ಯಾರ ಮನೆ ಎಂದು ಕೇಳಲು ಹೊಳೆವ್ವನಿಗೆ ಬಾಯಿ ಬಂದಿರಲಿಲ್ಲ.

ಈಗ ಚಹಾದಂಗಡಿಯ ಮುಂದೆ ನಿಂತಿದ್ದ ಒಬ್ಬನನ್ನು ಕೇಳಿದಳು. "ಅಣ್ಣಾ, ಇಲ್ಲಿ ಕುಡಿಯೋರು ಕೂಡೂ ಜಾಗಾ ಎಲ್ಲೈತ್ರಿ?"

ಅವನು ಆಚೀಚೆ ನೋಡಿದ. "ಸಣ್ಣಗ ಕೇಳಬೇ! ಪೋಲೀಸರ ಕಿವಿಗೆ ಬಿದ್ರ ನನ್ನ ಕಟಗೊಂಡ ಹೋದಾರು. ಬಾ."

ಗುಡ್ಡದ ಮಗ್ಗುಲಿನ ಓಣಿಯಲ್ಲಿ ಅವನ ಹಿಂದೆ ನಡೆದಳು. ಮನೆಗಿಂತ ಮೊದಲು ಕಳ್ಳಭಟ್ಟಿಯ ಸೆರೆಯ ವಾಸನೆ ಬಂತು. ಬಾಗಿಲಲ್ಲಿ ಕೂತಿದ್ದ ಭಟ್ಟಿಯವನು ತಟ್ಟನೆ ಗ್ಲಾಸು ಚಾಚಿದ. ಹೊಳೆವ್ವನ ಬಾಯಲ್ಲಿ ನೀರೂರಿತು. ದೇಹಕ್ಕೆ ನಾಚಿಕೆ ಎಲ್ಲಿಯದು? ಕೈಯನ್ನು ಅರ್ಧ ಎತ್ತಿಯೂ ಬಿಟ್ಟಳು. ಮತ್ತೆ ಸೆರಗಿನ ತುದಿ ಹಿಡಿದುಕೊಂಡಳು.

"ಇದಲ್ರಿ. ಬಿಟ್ಟೋರು ಕೂಡೂದು ಎಲ್ಲಿ?"

ಭಟ್ಟಿಯವನು ಗ್ಲಾಸು ಕೆಳಗಿಟ್ಟ. "ಎಲಾ ಇಕಿನ! ನನ್ನ ಬಾಗಲಕ್ಕ ಬಂದು ಆ ನೇಕಾರ ಶಿವನಪ್ಪನ ಮನಿ ಕೇಳ್ತಾಳ! ನನ್ನ ಹತ್ತ ಗಿರಾಕಿ ನುಂಗ್ಯಾನ ಅವ." ಆದರೂ ಅವನಷ್ಟು ಖಚಿತವಾಗಿ ಆ ದಾರಿ ಬಲ್ಲವರು ಊರಲ್ಲಿ ಇನ್ನಾರಿದ್ದರು? "ಮೂರನೇ ಓಣಿ, ಬೇವಿನ ಗಿಡದ ಮನಿ. ಲಗೂ ಹೋಗು, ನನ್ನ ಗಿರಾಕಿ ಹೆದರ್ತಾರ."

ಶಿವನಪ್ಪನ ಮನೆಯಲ್ಲಿ, ಕಾಲಿಳಿಬಿಟ್ಟು ನೇಯುವ ಮಗ್ಗದ ಕುಣಿಯ ಸುತ್ತ ಏಳೆಂಟು ಗಂಡಸರು ಕೂತಿದ್ದರು. "ಬರ್ರಿ ತಾಯಿ," ಎಂದ ಶಿವನಪ್ಪ. "ಯಾರ ಸಲವಾಗಿ ಬಂದ್ರಿ?"

ಹೊಳೆವ್ವ ದಾರಿಯುದ್ದಕ್ಕೂ ಒಬ್ಬ ಕುಡುಕ ತಮ್ಮನನ್ನು ಮನಸ್ಸಿನಲ್ಲೇ ಹುಟ್ಟಿಸಿಕೊಂಡಿದ್ದಳು. ಹೆಸರನ್ನೂ ಇಟ್ಟಿದ್ದಳು.

"ನನ್ನ ತಮ್ಮ ಕರೆಪ್ಪನ ಸಲವಾಗಿರಿ."

"ಎಷ್ಟ ವರ್ಷದಿಂದ ಕುಡೀತಾನ?"

"ಒಂಬತ್ತು."

ಪಾತ್ರೆಗೆ ಕಲಾಯಿ ಹಾಕುವ ಮೋದಿನಸಾಬ ಮುಂದೆ ಬಗ್ಗಿದ. "ಮುಂಜಾನಿ ಕೈ ನಡಗ್ತಾವೇನ್ರಿ ಅವಂಗ?"

"ನಡಗ್ತಾವ್ರಿ. ಹೋದ ತಿಂಗಳಂತೂ ಬಾಣಂತಿ ಖೋಲ್ಯಾಗ..." ಎಂದವಳು ನಿಂತಳು.

"ಬಾಣಂತಿ ಖೋಲ್ಯಾಗ ತಮ್ಮಗೇನ ಕೆಲಸ?"

ಯಾರೋ ಕಿಸಕ್ಕೆಂದರು. ಶಿವನಪ್ಪ ನೋಡಿದೊಡನೆ ನಗು ನಿಂತಿತು. ಹೊಳೆವ್ವ ಕುಣಿಯೊಳಗಿನ ಕತ್ತಲನ್ನೇ ನೋಡುತ್ತ ಹೇಳಿದಳು.

"ತಮ್ಮ ಇಲ್ರಿ. ನಾನ."

ಒಂಬತ್ತು ವರ್ಷ ಯಾರ ಮುಂದೆಯೂ ಬಾರದ ಮಾತು. ನೆಲ ಬಿರಿಯಲಿಲ್ಲ. ಒಬ್ಬ ಮಾತ್ರ ಗೊಣಗಿದ. "ಹೆಂಗಸ್ರು ಹ್ಯಾಂಗ ಕೂಡ್ತಾರ ನಮ್ಮ ಜೋಡಿ?"

"ನೀ ಕುಡದ ಗಟಾರದಾಗ ಬಿದ್ದಾಗ ನಿನ್ನ ಎತ್ತಿದ್ದು ನಿನ್ನ ಹೇಣತಿ. ಅಕಿ ಹ್ಯಾಂಗ ಎತ್ತಿದ್ಲು ಅಂತ ಆಗ ಕೇಳಿದೇನು?" ಎಂದ ಮೋದಿನಸಾಬ. ಒಳಗಿನಿಂದ ಶಿವನಪ್ಪನ ಹೆಂಡತಿ ಮಾಳವ್ವ ಚಾಪೆ ತಂದು ಹಾಸಿ, ತಾನೂ ಅದರ ಮೇಲೆ ಕೂತಳು. "ನಾ ಕುಡಿಯೂದಿಲ್ಲವಾ. ಒಬ್ಬಾಕಿನ ಕುಂದರಬಾರದಂತ."

ಒಬ್ಬೊಬ್ಬರೂ ಹೋದ ಅಮಾವಾಸ್ಯೆಯಿಂದ ಇಲ್ಲಿಯವರೆಗಿನದನ್ನು ಹೇಳಿದರು. ಎರಡು ಸಲ ಜಾರಿದೆನೆಂದು ಮೋದಿನಸಾಬ ಅತ್ತ. ಯಾರೂ ಬುದ್ಧಿ ಹೇಳಲಿಲ್ಲ. ಹೊಳೆವ್ವನ ಸರದಿ ಬಂದಾಗ ಅವಳು ಇಷ್ಟೇ ಹೇಳಿದಳು. "ಇವತ್ತ ಕುಡದಿಲ್ರಿ."

"ಅಷ್ಟ ಸಾಕು," ಎಂದ ಶಿವನಪ್ಪ.

ಸಂಜೆ ಅವಳು ಮನೆ ಮುಟ್ಟಿದಾಗ ರೇಣವ್ವ ಬಾಗಿಲಲ್ಲೇ ನಿಂತಿದ್ದಳು. ಹತ್ತಿರ ಬಂದು ತಾಯಿಯ ಬಾಯಿಯ ವಾಸನೆ ನೋಡಿದಳು. ಹೊಳೆವ್ವ ತಡೆಯಲಿಲ್ಲ. ಕೂತು ಎಲ್ಲವನ್ನೂ ಹೇಳಿದಳು: ಭಟ್ಟಿ, ಚಾಚಿದ ಗ್ಲಾಸು, ಇಲ್ಲದ ತಮ್ಮ. ತಮ್ಮನ ಮಾತಿಗೆ ಮಗಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಮುಂದಿನ ಅಮಾಸಿಗೆ ನಾನೂ ಬರ್ಲಿ?"

"ಬಸರಿ ಹೆಂಗಸು ಅಮಾಸಿ ದಿನ ಹೊಸ್ತಿಲ ದಾಟ್ತಾಳೇನ, ಹುಚ್ಚಿ?"

"ಹಂಗಾರ ಬುತ್ತಿ ಕಟ್ಟಿ ಕೊಡ್ತೀನಿ. ಇವತ್ತ ಉಪಾಸ ಹೋಗಿದ್ದಿ." ರೇಣವ್ವ ತಾಯಿಯ ಮುಂದೆ ನೀರಿನ ತಂಬಿಗೆ ಇಟ್ಟಳು. "ಗಾಳೆವ್ವಗ ನಾ ಇನ್ನೂ ಹೇಳಿ ಕಳಿಸಿಲ್ಲಬೇ. ನಾ ಹಡಿಯೂತನಕ ಇನ್ನ ಎರಡ ಅಮಾಸಿ ಅದಾವು. ನೋಡೂಣು."

ಹೊಳೆವ್ವನಿಗೆ ಹಸಿವಾಗಿತ್ತು, ಎದ್ದು ರೊಟ್ಟಿಗೆ ಹಿಟ್ಟು ತೆಗೆದಳು.