ಕೇರಿ ಸುಟ್ಟ ದೊರೆಸಾನಿ

ದೊರೆಸಾನಿ ಎರ್ಸೆಂದ ನಮ್ಮ ಕೇರಿಗೆ ಬೆಂಕಿ ಇಡಿಸಿದಾಗ ನನಗೆ ಒಂಬತ್ತು ವರ್ಷ. ನಾವು ಉಣ್ಣೆ ಬಟ್ಟೆ ತುಳಿದು ಹದ ಮಾಡುವವರು. ಮೋಂತೊರೆಲ್ ಕೋಟೆಯ ಹೊರಗೆ, ಹೊಳೆದಂಡೆಯಲ್ಲಿ ನಮ್ಮ ಮನೆಗಳಿದ್ದವು. ಗಂಡ ಸತ್ತ ಮೇಲೆ ದೊರೆಸಾನಿ ಗದ್ದುಗೆ ಏರಿದ್ದನ್ನು ಸಹಿಸದೆ ಮೈದುನ ಗೋಜ್ಲೆನ್ ದಂಡು ಕಟ್ಟಿಕೊಂಡು ಬರುತ್ತಿದ್ದ. ಆ ದಂಡಿಗೆ ನಮ್ಮ ಸೂರು ಸಿಗಬಾರದು, ಮಧ್ಯಾಹ್ನದೊಳಗೆ ಕೋಟೆಗೆ ಬಂದುಬಿಡಿ ಎಂದು ಡಂಗುರ ಹೊಡೆಸಿದಳು.

ತಾತನಿಗೆ ಸೊಂಟ ಬಿದ್ದುಹೋಗಿತ್ತು. ಅವ್ವ, ಒದಿಯೆರ್ನ ಅಂತ ಅವಳ ಹೆಸರು, ನನ್ನನ್ನು ಕೋಟೆಯೊಳಗೆ ಬಿಟ್ಟು, ಅವನನ್ನು ಹೊತ್ತು ತರಲು ತಿರುಗಿದಳು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ದೊರೆಸಾನಿ ಬಾಗಿಲ ಮೇಲಿನ ಗೋಡೆಯಲ್ಲೇ ನಿಂತಿದ್ದಳು.

“ಬಾಗ್ಲು ತೆಗೆಸಿ. ನಮ್ಮಪ್ಪ ಮನೇಲೇ ಅವ್ನೆ.”

“ಕುದುರೆಗಳು ಗುಡ್ಡ ಇಳೀತಾ ಇವೆ. ತೆಗೆಸಲ್ಲ.”

“ನಿಮ್ಮಪ್ಪ ಆಗಿದ್ರೆ?”

“ಆಗ್ಲೂ ತೆಗೆಸ್ತಿರಲಿಲ್ಲ.”

ಗೋಡೆಯ ಮೇಲಿಂದ ಬೆಂಕಿಯ ಬಾಣಗಳು ಕೇರಿಗೆ ಹಾರಿದವು. ಅವ್ವ ಒಳಗಿನಿಂದ ಬಾಗಿಲು ಬಡಿಯುತ್ತಲೇ ಇದ್ದಳು.

ಹನ್ನೊಂದು ವಾರ ಚಳಿಮಳೆಯಲ್ಲಿ ಸೂರಿಲ್ಲದೆ ಕೊಳೆತ ಗೋಜ್ಲೆನ್ ಕೊನೆಗೆ ದಂಡು ಎತ್ತಿಕೊಂಡು ಹೋದ. ಊರೆಲ್ಲ ದೊರೆಸಾನಿಗೆ ಜಯಕಾರ ಹಾಕಿತು. ಅವ್ವ ನೆಲಕ್ಕೆ ಉಗಿದಳು.

ವಸಂತದಲ್ಲಿ ದೊರೆಸಾನಿ ಕೋಟೆಯೊಳಗಿನ ತನ್ನ ಸೇಬಿನ ತೋಟ ಕಡಿಸಿ, ಆ ನೆಲವನ್ನು ನಮ್ಮ ಕೇರಿಯವರಿಗೆ ಬರೆದುಕೊಟ್ಟಳು. ತನ್ನದೂ ಬಿಷಪ್ಪರದೂ ಮುದ್ರೆ ಒತ್ತಿದ ಪತ್ರವನ್ನು ತಾನೇ ತಂದಳು.

“ನಮ್ಮಪ್ಪನಿಗೆ ಬೆಲೆ ಕಟ್ಟಿದ್ರಾ?” ಎಂದಳು ಅವ್ವ.

“ಇದು ಮನೆಗೆ. ನಿಮ್ಮಪ್ಪನಿಗೆ ಕಟ್ಟೋಕೆ ನನ್ನ ಹತ್ರ ಏನೂ ಇಲ್ಲ.”

“ಹಂಗಾದ್ರೆ ನಾನು ಕೈ ಒಡ್ಡಲ್ಲ. ಆ ಕಲ್ಲಿನ ಮೇಲೆ ಇಟ್ಟು ನಡೀರಿ.”

ಇಟ್ಟು ಹೋದಳು. ಅವಳು ಮರೆಯಾದ ಮೇಲೆ ಅವ್ವ ಪತ್ರ ಎತ್ತಿಕೊಂಡಳು; ಆ ನೆಲದಲ್ಲೇ ನಮ್ಮ ಮನೆಗಳು ಎದ್ದವು.

ಮುಂದೆ ಇಪ್ಪತ್ತು ವರ್ಷ ಅವಳು ಆಳಿದಳು. ಸೇತುವೆ ಕಟ್ಟಿಸಿದಳು, ಹೆಣ್ಣೊಬ್ಬಳನ್ನು ಕೆಡಿಸಿದ ತನ್ನ ಸ್ವಂತ ಅಣ್ಣನ ಮಗನನ್ನು ಊರಿಂದಾಚೆ ಅಟ್ಟಿದಳು. ಅವ್ವ ಒಂದು ದಿನವೂ ತಲೆ ಬಾಗಿಸಲಿಲ್ಲ. ಒಮ್ಮೆ, ಉಣ್ಣೆ ತುಳಿಯಲು ಕೂಡಿಟ್ಟಿದ್ದ ಹಳಸಲು ಉಚ್ಚೆಯ ತೊಟ್ಟಿಯನ್ನು ಬೇಕೆಂದೇ ದೊರೆಸಾನಿಯ ದಾರಿಗೆ ಉರುಳಿಸಿದಳು. ಕಾವಲುಗಾರ ಚಾಟಿ ಎತ್ತಿದ.

“ಬಿಡು,” ಎಂದು ದೊರೆಸಾನಿ ಲಂಗ ಎತ್ತಿ ಹಿಡಿದು ಅದರಲ್ಲೇ ದಾಟಿ ಹೋದಳು.

ಅವಳು ಸತ್ತಾಗ ಹೆಗಲು ಕೊಡಲು ನಮ್ಮ ಕೇರಿಯಿಂದ ಒಬ್ಬನೂ ಹೋಗಲಿಲ್ಲ. ಮಕ್ಕಳಿಲ್ಲದವಳ ಗದ್ದುಗೆಗೆ ಗೋಜ್ಲೆನ್‌ನ ಮಗ ಆಂಸೆಲ್ಮ್ ಬಂದ. ಕೋಟೆ ಬಾಗಿಲ ಕಲ್ಲಿನಿಂದ ಅವಳ ಹೆಸರು ಕೆತ್ತಿಸಿ ತೆಗೆಸಿದ. ಆಮೇಲೆ ನಮಗೆ ಹೇಳಿ ಕಳಿಸಿದ: ಕುದುರೆ ಲಾಯಕ್ಕೆ ಜಾಗ ಬೇಕು, ಏಳಿ.

ಅವ್ವ ಪತ್ರ ಹಿಡಿದು ಅರಮನೆಗೆ ನಡೆದಳು. ಜೊತೆಗೆ ನಾನು.

“ಆ ಹೆಂಗಸಿನ ಮಾತು ಇಲ್ಲಿ ನಡೆಯಲ್ಲ,” ಎಂದ ಆಂಸೆಲ್ಮ್.

“ನಮ್ಮಪ್ಪನ್ನ ಸುಟ್ಟೋಳು ಅವಳು. ಅವಳನ್ನ ಬೈಯೋ ಹಕ್ಕು ನಿಮಗಿಂತ ನನಗೆ ಜಾಸ್ತಿ ಐತೆ. ಆದ್ರೆ ಕೊಟ್ಟ ಮಾತು ಅವಳು ತಪ್ಪಿದೋಳಲ್ಲ. ಕೆಳಗೆ ಬಿಷಪ್ಪರ ಮುದ್ರೆನೂ ಐತೆ, ನೋಡಿ. ಅದನ್ನೂ ಕೆತ್ತಿ ತೆಗೆಸ್ತೀರಾ?”

ಪಕ್ಕದಲ್ಲಿ ಕೂತಿದ್ದ ಮುದಿ ಬಿಷಪ್ ಪತ್ರ ಇಸಿದುಕೊಂಡು ಓದಿದ. “ಮುದ್ರೆ ನನ್ನದೇ,” ಎಂದ. ಆಂಸೆಲ್ಮ್ ಹಲ್ಲು ಕಡಿದ. ಲಾಯ ಬೇರೆ ಕಡೆ ಎದ್ದಿತು.

ವಾಪಸು ಬರುವಾಗ ಚರ್ಚಿನ ಮುಂದೆ ದೊರೆಸಾನಿಯ ಗೋರಿ ಕಾಯುವವನು ಕರೆದ. “ಒಂದು ಮೇಣದಬತ್ತಿ ಹಚ್ಚಿ ಹೋಗವ್ವ. ಅವಳಿಂದ ನಿನ್ನ ಮನೆ ಉಳೀತು.”

“ಮನೆ ಉಳೀತು,” ಎಂದಳು ಅವ್ವ, ನಿಲ್ಲದೆ.

ನನಗೆ ಒಳಗೆ ಹೋಗಬೇಕೆನಿಸಿತು. ಮೆಟ್ಟಿಲ ಮೇಲೆ ಕಾಲಿಟ್ಟೂ ಇದ್ದೆ. ಅವ್ವ ತಿರುಗಿ ನನ್ನನ್ನೇ ನೋಡಿದಳು. ಕಾಲು ಹಿಂದೆ ತೆಗೆದುಕೊಂಡು ಅವಳ ಜೊತೆ ಹೆಜ್ಜೆ ಹಾಕಿದೆ.