ಎರಡು ಪಾಯಿಂಟ್ ನಾಲ್ಕು

ತಂತಿ ಎಳೆಯುವ ಕೆಲಸದಲ್ಲಿ ಅವಳದು ಎತ್ತಿದ ಕೈ. ಲೆಕ್ಕ ಅಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಬೇರೆಯವರು ಮಾಡಿದ ವೈರಿಂಗನ್ನು ಪರೀಕ್ಷಿಸಿ ಸಹಿ ಹಾಕುವ ಅಧಿಕಾರ ಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು. ಅದರ ಲೆಕ್ಕದ ಭಾಗದಲ್ಲಿ ಅವಳು ಎರಡು ಸಲ ಡುಮ್ಕಿ ಹೊಡೆದಿದ್ದಳು. ಎರಡು ಸಲವೂ ದಾರಿ ಸರಿಯಿತ್ತು, ದಶಮಾಂಶದ ಚುಕ್ಕೆ ಹೋಗಿ ಇನ್ನೆಲ್ಲೋ ಕೂತಿತ್ತು. ಅಲ್ಲಿಂದ ಜೊತೆಯ ಕೆಲಸಗಾರರ ಬಾಯಲ್ಲಿ ಅವಳು ‘ಚುಕ್ಕಿ’ಯಾದಳು. ಹೆಸರಿಟ್ಟವನು ಅಕ್ಕನ ಗಂಡ. ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವನೂ ಅವನೇ ಆದ್ದರಿಂದ ಸಿಟ್ಟು ಬಂದರೂ ನುಂಗಿಕೊಳ್ಳುತ್ತಿದ್ದಳು.

ಮೂರನೆಯ ಸಲಕ್ಕೆಂದು ಸಂಜೆಯ ತರಗತಿಗೆ ಸೇರಿದಳು. ಅಲ್ಲಿನ ಲೆಕ್ಕದ ಮೇಷ್ಟ್ರು, ಪುಸ್ತಕದ ಅಂಕಿ ಸಾಕು, ನಿಜವಾದ ಒಂದು ಲೈನನ್ನು ಅಳೆದು ಅದರ ಲೆಕ್ಕ ಮಾಡಿಕೊಂಡು ಬನ್ನಿ ಅಂದರು. ಅವಳು ತಂತಿಯ ತಡೆ ಅಳೆಯುವ ತರಗತಿಯ ಮೀಟರ್ ಕೇಳಿ ತಂದು, ಬೆಳಿಗ್ಗೆ ಅಕ್ಕನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ದೊಡ್ಡ ವಾಷಿಂಗ್ ಮೆಷಿನ್ನಿನ ಲೈನನ್ನು ಅಳೆದಳು. ಮೀಟರಿಗೆ ಬೇರೆಯವರೂ ಕಾಯುತ್ತಿದ್ದರು. ಅದನ್ನು ಹಿಂದಿರುಗಿಸಿ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಕೂತಳು.

ಲೆಕ್ಕ ಸಣ್ಣದೇ. ಮೆಷಿನ್ನಿನೊಳಗೆ ಕರೆಂಟಿನ ತಂತಿ ಸಡಿಲಾಗಿ ತಗಡಿಗೆ ತಗುಲಿದರೆ, ಆ ಕರೆಂಟು ಅರ್ಥ್ ತಂತಿಯಲ್ಲಿ ಜೋರಾಗಿ ನುಗ್ಗಬೇಕು. ನುಗ್ಗಿದರೆ ಮಾತ್ರ ಬ್ರೇಕರ್ ತಟ್ಟನೆ ಬಿದ್ದು ಕರೆಂಟು ಕಡಿದುಹೋಗುತ್ತದೆ. ದಾರಿಯಲ್ಲಿ ತಡೆ ಹೆಚ್ಚಿದ್ದಷ್ಟೂ ನುಗ್ಗುವ ಕರೆಂಟು ಕಡಿಮೆ. ಅಲ್ಲಿದ್ದ ಬ್ರೇಕರ್ ಬೀಳಲು ನೂರ ಅರವತ್ತು ಆಂಪ್ ಬೇಕು. ಇನ್ನೂರ ಮೂವತ್ತು ವೋಲ್ಟನ್ನು, ತಾನು ಬರೆದುಕೊಂಡು ಬಂದಿದ್ದ 2.4 ಓಮ್ ತಡೆಯಿಂದ ಭಾಗಿಸಿದಳು. ತೊಂಬತ್ತಾರು ಕೂಡ ಬರಲಿಲ್ಲ.

ಕಾಗದ ತಿರುವಿ ಮತ್ತೆ ಭಾಗಿಸಿದಳು. ಅದೇ ಬಂತು. ಅಂದರೆ ತಂತಿ ತಗಡಿಗೆ ತಗುಲಿದರೂ ಬ್ರೇಕರ್ ಜಪ್ಪಯ್ಯ ಅನ್ನದೆ ಕೂತಿರುತ್ತದೆ. ಅಕ್ಕ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ದಿನವಿಡೀ ಅದೇ ತಗಡು ಮುಟ್ಟುವವಳು.

ಆ ಲಾಂಡ್ರಿಗೆ ವೈರಿಂಗ್ ಮಾಡಿದ್ದು ಭಾವ. ಫೋನ್ ಮಾಡಿದಳು. ಅವನು ನಕ್ಕುಬಿಟ್ಟ.

“ಪಾಯಿಂಟ್ ಎರಡು ನಾಲ್ಕು ಇರುತ್ತೆ ನೋಡು. ಮತ್ತೆ ಚುಕ್ಕೆ ಹಾರಿಸಿದ್ದೀಯ.”

ಆಸ್ಪತ್ರೆಯ ಹೊದಿಕೆಗಳ ರಾಶಿ ಬಂದು ಬಿದ್ದಿದೆ, ಸುಮ್ಮನೆ ಅಕ್ಕನ ತಲೆಯೊಳಗೆ ಹುಳ ಬಿಡಬೇಡ ಎಂದು ಹೇಳಿ ಫೋನಿಟ್ಟ.

ಅವಳು ಕಣ್ಣು ಮುಚ್ಚಿ ಬೆಳಿಗ್ಗೆ ಕಂಡ ಮೀಟರಿನ ಪರದೆಯನ್ನು ನೆನೆದಳು. ಚುಕ್ಕೆ ಎರಡರ ಮುಂದೆ ಕಂಡಿತು. ಇನ್ನೊಮ್ಮೆ ನೆನೆದರೆ ಹಿಂದೆ. ನೆನೆದಷ್ಟೂ ಕಲಸುಮೇಲೋಗರ. ಭಾವ ಹೇಳಿದ್ದೇ ನಿಜವಾಗಿದ್ದರೆ, ಓಡಿಹೋಗಿ ಕೆಲಸ ನಿಲ್ಲಿಸಿದ್ದಕ್ಕೆ ಊರೆಲ್ಲ ನಗುತ್ತದೆ. ಪರೀಕ್ಷೆಗೆ ಕೂರುವ ಧೈರ್ಯವೂ ಅಲ್ಲಿಗೆ ಮುಗಿಯಿತು. ನಿಜವಲ್ಲದಿದ್ದರೆ?

ಉತ್ತರವನ್ನು ನಂಬುವ ಮೊದಲು ಅಂದಾಜು ಹಾಕಿ ಎಂದು ಮೇಷ್ಟ್ರು ಬಾಯಿ ನೋಯುವಷ್ಟು ಹೇಳುತ್ತಿದ್ದರು. ಅವಳು ಮೀಟರನ್ನು ಬಿಟ್ಟು ತಂತಿಯನ್ನು ಹಿಡಿದಳು. ಭಾವನ ಜೊತೆ ಆ ತಂತಿ ಎಳೆದವಳು ತಾನೇ. ಮುಂದಿನ ಕೋಣೆಯ ಬೋರ್ಡಿನಿಂದ ಗೋಡೆ ಹತ್ತಿ, ಸೀಲಿಂಗಿನುದ್ದಕ್ಕೆ ಹೋಗಿ, ಹಿಂದಿನ ಗೋಡೆ ಇಳಿಯುತ್ತದೆ. ಒಂದು ಮೀಟರ್ ಉದ್ದದ ತಂತಿಗೆ ಇಷ್ಟು ತಡೆ ಎಂದು ಉದ್ದವನ್ನು ಗುಣಿಸಿ, ಬೀದಿಯ ಕಂಬದಿಂದ ಬೋರ್ಡಿನವರೆಗಿನ ತಡೆಯನ್ನು ಕೂಡಿಸಿದಳು. ಎಲ್ಲ ಸರಿಯಿದ್ದರೂ ಒಂದು ಓಮಿನ ಹತ್ತಿರಕ್ಕೆ ಬಂತು. ಪಾಯಿಂಟ್ ಎರಡು ನಾಲ್ಕು ಅಷ್ಟುದ್ದದ ತಾಮ್ರಕ್ಕೆ ಆಗದ ಮಾತು. ಬರೆದ ಅಂಕಿಗಳು ಎರಡು ಮತ್ತು ನಾಲ್ಕು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಹಾಗಾದರೆ ಚುಕ್ಕೆ ಇದ್ದಲ್ಲೇ ಇದೆ, ಮಿಕ್ಕ ತಡೆ ಎಲ್ಲೋ ಕೆಟ್ಟ ಜಾಯಿಂಟಿನದು.

ಅಕ್ಕನಿಗೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮೆಷಿನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದು ಗೊತ್ತಿತ್ತು. ಚಪ್ಪಲಿ ಸಿಕ್ಕಿಸಿಕೊಂಡು ಓಡಿದಳು. ತಿರುವಿನಲ್ಲಿ ಸೈಕಲ್ಲಿನವನು ಬೈದ. ಪೆಟ್ಟಿಗೆ ಅಂಗಡಿಯವಳು ಏನಾಯ್ತು ಎಂದು ಕೇಳಿದಳು. ಉತ್ತರ ಕೊಡಲು ಉಸಿರು ಉಳಿದಿರಲಿಲ್ಲ. ಲಾಂಡ್ರಿಯೊಳಗೆ ನುಗ್ಗಿದವಳು ಅಕ್ಕನ ಕಡೆ ಹೋಗಲೇ ಇಲ್ಲ, ನೇರ ಬೋರ್ಡಿಗೆ ಹೋಗಿ ಬ್ರೇಕರನ್ನು ಕೆಳಗೆಳೆದಳು.

ಮೆಷಿನ್ ಗೊಣಗುತ್ತ ನಿಂತಿತು. ಅಕ್ಕ ಹಿಂದಿನ ಕೋಣೆಯಿಂದ, ಮೊಣಕೈವರೆಗೆ ನೊರೆ, ಕೆಂಡದಂಥ ಮುಖ ಮಾಡಿಕೊಂಡು ಬಂದಳು. ಯಾರನ್ನು ಕೇಳಿ ಆರಿಸಿದೆ, ಹೊದಿಕೆಗಳನ್ನು ಸಂಜೆಗೆ ನೀನು ಒಗೆದು ಕೊಡುತ್ತೀಯಾ ಎಂದು ಕೇಳಿದಳು. ತಂಗಿ ವಿವರಿಸಿದಳು. ಅಕ್ಕ ಅರ್ಧ ಕೇಳಿ ನೊರೆ ಒರೆಸಿಕೊಂಡಳು. ಆಮೇಲೆ ಕೈ ನೋಡಿಕೊಂಡಳು.

“ಎರಡು ದಿನದಿಂದ ಮುಟ್ಟಿದ್ರೆ ಒಮ್ಮೊಮ್ಮೆ ಜುಮ್ ಅಂತಿತ್ತು ಕಣೆ. ಸೋಪಿನ ಪುಡಿ ಅಂದ್ಕೊಂಡೆ.”

ತಂಗಿ ಬಟ್ಟೆಯ ಗಂಟಿನ ಮೇಲೆ ಕೂತಳು.

ಅಕ್ಕ ಫೋನ್ ಮಾಡಿ ಕರೆಸಿದಳು; ಭಾವ ಬಂದಾಗ ಮುಖ ಗಂಟಿಕ್ಕಿಕೊಂಡಿತ್ತು. ನೇರ ಏಣಿ ಹತ್ತಿ, ಸೀಲಿಂಗಿನ ಮೂಲೆಯ ಜಾಯಿಂಟ್ ಬಾಕ್ಸಿನ ಮುಚ್ಚಳ ಬಿಚ್ಚಿದ. ಬಹಳ ಹೊತ್ತು ಮೇಲೆಯೇ ಇದ್ದ. ಸ್ಕ್ರೂ ಸರಿಯಾಗಿ ಬಿಗಿಯದೆ, ಹಬೆ ಕುಡಿದೂ ಕುಡಿದೂ ಅರ್ಥ್ ತಂತಿಯ ತುದಿ ಹಸಿರುಗಟ್ಟಿ, ಒಂದೆರಡು ಎಳೆಗಳಲ್ಲಷ್ಟೇ ಹಿಡಿದುಕೊಂಡಿತ್ತು.

“ಇದು ನಾನೇ ಬಿಗಿದದ್ದು,” ಎಂದ, ಕೆಳಗೆ ನೋಡದೆ.

ಅಕ್ಕ ಇಕ್ಕಳವನ್ನು ಅವನ ಕೈಗೆ ಎತ್ತಿ ಕೊಟ್ಟಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವನು ತುದಿ ಕತ್ತರಿಸಿ ಹೊಸದಾಗಿ ಬಿಗಿದ, ಮೆಷಿನ್ನಿನೊಳಗೆ ಸವೆದು ಕರೆಂಟು ಸೋರುತ್ತಿದ್ದ ತಂತಿಯನ್ನೂ ಬದಲಿಸಿದ. ಮೀಟರ್ ತರಿಸಿದರು. ಈ ಸಲ ಅಳೆದವನು ಅವನು, ಓದಿದವಳು ಅವಳು: ಪಾಯಿಂಟ್ ಒಂಬತ್ತು ಎರಡು. ಭಾಗಿಸಿದರೆ ಇನ್ನೂರೈವತ್ತು ಆಂಪ್, ಬ್ರೇಕರ್ ಬೀಳಲು ಧಾರಾಳ. ಅವನು ತಾನೂ ಬಗ್ಗಿ ಒಮ್ಮೆ ನೋಡಿ ತಲೆಯಾಡಿಸಿದ.

ಪರೀಕ್ಷೆಯ ದಿನ ಮೊದಲ ಪ್ರಶ್ನೆಯನ್ನೇ ಅವಳು ಎರಡು ಸಲ ಓದಿದಳು. ಪ್ರತಿ ಉತ್ತರಕ್ಕೂ ಪಕ್ಕದಲ್ಲಿ ಅಂದಾಜು ಹಾಕುತ್ತ ಹೋದಳು, ಹೊತ್ತು ಸಾಲದೆ ಕೊನೆಯ ಪ್ರಶ್ನೆ ಹಾಗೇ ಉಳಿಯಿತು. ಪಾಸಾದಳು, ಕೂದಲೆಳೆಯಲ್ಲಿ. ಸುದ್ದಿ ತಿಳಿದ ಭಾವ ಮನೆಗೆ ಬಂದು ಬಾಗಿಲಲ್ಲೇ ನಿಂತ. ಶಾಬಾಸ್ ಅನ್ನಲು ಬಂದವನಂತೆ ಕಾಣಲಿಲ್ಲ.

“ಆ ತರಗತಿಗೆ ನನ್ನ ವಯಸ್ಸಿನೋರನ್ನ ಸೇರಿಸ್ಕೋತಾರಾ?” ಎಂದು ಕೇಳಿದ.